ಮುಖದ ತೂತು ಮುಚ್ಚಿಕೊಡಿ ಅಂತ ಬಂದವರು

ಬಂಗಾರಪೇಟೆ ಸ್ಟೇಷನ್ ಹತ್ತಿರ ನನ್ನದೊಂದು ಚಿಕ್ಕ ಬ್ಯೂಟಿ ಪಾರ್ಲರ್ ಇದೆ. ಹುಬ್ಬು ತಿದ್ದುವಾಗ ಕಣ್ಣೀರು, ಮದುವೆ ಮೇಕಪ್ಪಿನಲ್ಲಿ ಗಲಾಟೆ ಇದ್ದದ್ದೇ. ಆದರೆ ಯಾರಾದರೂ ಮೂಗಿನ ಪಕ್ಕ ಬೆರಳಿಟ್ಟು ತೋರಿಸಿಕೊಂಡು ಒಳಗೆ ಬಂದರೆ, ಆವತ್ತು ನಗೋದಕ್ಕೆ ಏನೋ ಒಂದು ಆಗಿಯೇ ಆಗುತ್ತೆ. ಚರ್ಮದ ರಂಧ್ರ ಅನ್ನೋದು ಪುಸ್ತಕದ ಮಾತು, ಪೋರ್ಸ್ ಅನ್ನೋದು ಮೊಬೈಲಿನ ಮಾತು. ನಮ್ಮ ಕಡೆಯವರಿಗೆ ಅದು ತೂತು. ಎಲ್ಲರಿಗೂ ನಾನು ಹೇಳೋದು ಒಂದೇ: "ಪೂರ್ತಿ ಮುಚ್ಚಕ್ಕಾಗಲ್ಲಮ್ಮಾ, ಚಿಕ್ಕದಾಗಿ ಕಾಣೋ ಹಂಗೆ ಮಾಡಬೋದು." ಯಾರೂ ಕೇಳಿಸಿಕೊಳ್ಳಲ್ಲ.

ಗಣಿ ತಾತ

ಕೆ.ಜಿ.ಎಫ್.ನ ಮೈಸೂರು ಮೈನ್ಸ್ ಕಡೆಯ ಹುಡುಗಿಯೊಬ್ಬಳು ತಾತನ ಜೊತೆ ಬಂದಿದ್ದಳು. ತಾತ ಪ್ರಾಯದಲ್ಲಿ ಚಿನ್ನದ ಗಣಿಯ ಒಳಗೆ ಇಳಿದು ಕೆಲಸ ಮಾಡಿದವರು. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು, ಮೊಮ್ಮಗಳ ಮುಖಕ್ಕೆ ನಾನು ಹಬೆ ಕೊಡೋದನ್ನೇ ನೋಡುತ್ತಿದ್ದರು.

"ಎನ್ನಮ್ಮಾ ಅದು? ಏನಾಗೈತೆ ಇವಳಿಗೆ?"

"ಏನೂ ಆಗಿಲ್ಲ ತಾತಾ. ಕೆನ್ನೆ ಮೇಲೆ ಸಣ್ಣ ಸಣ್ಣ ತೂತು ಕಾಣ್ತಾವಲ್ಲಾ, ಅದಕ್ಕೆ."

ತಾತ ಎದ್ದು ಬಂದರು. ಕನ್ನಡಕ ಏರಿಸಿಕೊಂಡು ಮೊಮ್ಮಗಳ ಕೆನ್ನೆಯನ್ನು ಹತ್ತಿರದಿಂದ ಪರೀಕ್ಷೆ ಮಾಡಿದರು. ಆಮೇಲೆ ಗಂಭೀರವಾಗಿ ಕೇಳಿದರು:

"ಎಷ್ಟು ಆಳ ಐತೆ?"

ನನಗೆ ನಗು ತಡೆಯೋದೇ ಕಷ್ಟವಾಯಿತು. "ಆಳ ಅಳೆದಿಲ್ಲ ತಾತಾ."

"ಒಳಗಡೆಯಿಂದ ಏನು ಬತ್ತೈತೆ?"

"ಎಣ್ಣೆ."

"ಎಣ್ಣೆನಾ?" ತಾತ ನನ್ನ ಕೈ ಹಿಡಿದುಕೊಂಡೇ ಬಿಟ್ಟರು. "ಐಯೋ, ಮುಚ್ಚಬೇಡಮ್ಮಾ! ಚಿನ್ನ ಇನ್ನೂ ಇರೋವಾಗ್ಲೇ ಗಣಿ ನಿಂತೋಯ್ತಲ್ಲಾ ಅಂತ ನಾನು ಇವತ್ತಿಗೂ ಒದ್ದಾಡ್ತಾ ಇವ್ನಿ. ಎಣ್ಣೆ ಬರೋದನ್ನ ಯಾರಾದ್ರೂ ಮುಚ್ತಾರಾ?"

ಹೆಂಡತಿಯ ಮುಖ

ನಮ್ಮದು ಹೆಂಗಸರ ಪಾರ್ಲರ್. ಗಂಡಸರು ಒಳಗೆ ಬರಲ್ಲ. ಒಂದು ದಿನ ಮಾರ್ಕೆಟ್ಟಿನ ಮಟನ್ ಅಂಗಡಿ ಯಜಮಾನರು ಬಾಗಿಲ ಹೊರಗೆ ಆ ಕಡೆ ಈ ಕಡೆ ಓಡಾಡುತ್ತಿದ್ದರು. ಆಳು ಅಂದರೆ ಭಾರೀ ಆಳು. ಅವರು ದನಿ ಎತ್ತಿದರೆ ಬೀದಿಯೇ ಗಪ್‌ಚುಪ್. ಆವತ್ತು ಮಾತ್ರ ಪಿಸುಮಾತು.

"ತಂಗೀ, ನಮ್ ಮನೆಯೋಳಿಗೆ ಮುಖದಾಗೆ ತೂತು ಜಾಸ್ತಿ ಆಗವೆ. ಅವಳಿಗೆ ಬರಕ್ಕೆ ನಾಚಿಕೆ. ಏನಾದ್ರೂ ಇದ್ರೆ ಕೊಡು, ತಗೊಂಡೋಗಿ ಕೊಡ್ತೀನಿ."

ಎಂಥಾ ಒಳ್ಳೆ ಗಂಡ ಅಂದುಕೊಂಡೆ. "ಅಣ್ಣಾ, ಅವರ ಚರ್ಮ ಹೆಂಗೈತೆ ಹೇಳಿ. ಒಣಗಿದಂಗೆ ಇರುತ್ತಾ, ಜಿಡ್ಡು ಜಿಡ್ಡಾ?"

"ಜಿಡ್ಡು. ಮಧ್ಯಾಹ್ನ ಆಯ್ತು ಅಂದ್ರೆ ಮೂಗಿನ ಮೇಲೆ ಬೋಂಡಾ ಕರೀಬೋದು."

"ತೂತು ಎಲ್ಲಿ ಜಾಸ್ತಿ?"

ಯಜಮಾನರು ಮನಸ್ಸಿನಲ್ಲೇ ಹೆಂಡತಿಯ ಮುಖ ನೆನೆಸಿಕೊಂಡವರಂತೆ ಕಣ್ಣು ಮುಚ್ಚಿ, ನಿಧಾನವಾಗಿ ಹೇಳಿದರು:

"ಮೂಗಿನ ಎರಡೂ ಪಕ್ಕ... ಆಮೇಲೆ ಸ್ವಲ್ಪ ಮೀಸೆ ಮೇಲ್ಗಡೆ."

ಹಸು ಮತ್ತು ಅತ್ತೆ

ಕ್ಯಾಸಂಬಳ್ಳಿ ಹತ್ತಿರದ ಹಳ್ಳಿಯ ಸೊಸೆ ಒಬ್ಬಳಿದ್ದಾಳೆ. ಮನೆಯಲ್ಲಿ ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾರೆ. ಬಿಸಿಲಿನಲ್ಲಿ ಓಡಾಡಿ ಮುಖ ಹಾಳಾಯಿತು ಅಂತ ಬಂದಳು. ಮುಲ್ತಾನಿ ಮಿಟ್ಟಿ ಕೊಟ್ಟು ಹೇಳಿದೆ: "ನೀರಲ್ಲಿ ಕಲಸಿ ಹಚ್ಚು. ಒಣಗೋವರೆಗೂ ಮಾತಾಡಬೇಡ, ನಗಬೇಡ. ಆಮೇಲೆ ತೊಳ್ಕೋ."

ಅವಳು ಹಚ್ಚಿಕೊಂಡಿದ್ದು ಸಂಜೆ ಹಾಲು ಕರೆಯೋ ಹೊತ್ತಿಗೆ ಸರಿಯಾಗಿ. ಸುಮ್ಮನೆ ಕೂರೋದು ಯಾಕೆ, ಒಣಗೋದರೊಳಗೆ ಹಾಲು ಕರೆದುಬಿಡೋಣ ಅಂತ ಕೊಟ್ಟಿಗೆಗೆ ಹೋದಳು. ಹಸು ತಿರುಗಿ ನೋಡಿತು. ಬೂದಿ ಬಣ್ಣದ ಮುಖ, ಮಧ್ಯದಲ್ಲಿ ಎರಡು ಕಣ್ಣು. ಹಗ್ಗ ಜಗ್ಗಿಕೊಂಡು ಹಿಂದೆ ಹಿಂದೆ ಹೋಯಿತು. "ನಾನು ಕಣೇ" ಅನ್ನೋಣ ಅಂದರೆ ಮಣ್ಣು ಬಿಗಿದು ಬಾಯಿ ತೆರೆಯುತ್ತಿಲ್ಲ. ಹಲ್ಲು ಕಚ್ಚಿಕೊಂಡೇ "ನ್ಹಾನು... ನ್ಹಾನು..." ಅಂದಳಂತೆ. ಆ ದನಿ ಕೇಳಿ ಹಸು ಬಕೆಟ್ಟು ಒದ್ದೇ ಬಿಟ್ಟಿತು.

ಸದ್ದಿಗೆ ಅತ್ತೆ ಓಡಿ ಬಂದರು. ಅತ್ತೆ ಸೊಸೆಗೆ ಅಷ್ಟಕ್ಕಷ್ಟೇ. ದಿನಾ ಬೆಳಗ್ಗೆ ರಾಗಿ ಮುದ್ದೆಯಲ್ಲಿ ಗಂಟು ಇದೆ ಅಂತ ಶುರುವಾದರೆ ಸಂಜೆವರೆಗೂ ನಡೆಯೋದು. ಕೊಟ್ಟಿಗೆಯ ಮಬ್ಬಿನಲ್ಲಿ ಈ ಮುಖ ನೋಡಿದ್ದೇ ಅತ್ತೆ ಕಿಟಾರನೆ ಕಿರುಚಿ, ಪೊರಕೆ ಹಿಡಿದು ನಿಂತರು.

ಮಾರನೇ ದಿನ ಸೊಸೆ ನನ್ನ ಪಾರ್ಲರಿಗೆ ಬಂದಾಗ, ಇವತ್ತು ನನಗೆ ಮಂಗಳಾರತಿ ಅಂದುಕೊಂಡೆ. ಆದರೆ ಅವಳ ಮುಖದಲ್ಲಿ ಬೆಳಕು.

"ಅಕ್ಕಾ, ತೂತು ಕಮ್ಮಿ ಆಯ್ತೋ ಇಲ್ಲವೋ ನಂಗೊತ್ತಿಲ್ಲ. ನಮ್ಮತ್ತೆ ನೆನ್ನೆ ಪೊರಕೆ ಬಿಸಾಕಿ ನನಗೇ ಕೈ ಮುಗುದ್ರು. 'ಯಾವ ದೆವ್ವಾನೋ ಏನೋ, ನನ್ ಸೊಸೆನ ಬಿಟ್ಬುಡು ತಾಯೀ, ಅವಳಂಥಾ ಚಿನ್ನದಂಥಾ ಉಡುಗಿ ನಂಗೆಲ್ಲೂ ಸಿಗಾಕಿಲ್ಲ' ಅಂತ ಅತ್ತುಬುಟ್ರು. ನಾನು ತೊಳ್ಕಳದೆ ಅಂಗೇ ನಿಂತಿದ್ದು ಪೂರ್ತಿ ಕೇಳಿಸ್ಕೊಂಡೆ. ಇನ್ನೆರಡು ಪ್ಯಾಕೆಟ್ ಕೊಡಕ್ಕಾ!"

ಪ್ಲಾಟ್‌ಫಾರಂ ಮೇಲೆ

ನಮ್ಮ ಬೀದಿಯಲ್ಲೇ ಒಬ್ಬ ಹುಡುಗಿ. ದಿನಾ ಟ್ರೈನಿನಲ್ಲಿ ಬೆಂಗಳೂರಿಗೆ ಹೋಗಿ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಒಮ್ಮೆ ನೋಡಲು ಬಂದ ಗಂಡಿನ ಕಡೆಯವರು "ಮುಖ ನೈಸಾಗಿಲ್ಲ" ಅಂದುಬಿಟ್ಟಿದ್ದರು. ಪಾಪ, ಆ ಮಾತು ಅವಳಿಗೆ ಮುಳ್ಳಿನ ಹಾಗೆ ಚುಚ್ಚಿತ್ತು. ಇನ್ನೊಂದು ಸಂಬಂಧ ಬಂದಾಗ, ಮುಖ ನುಣ್ಣಗೆ ಮಾಡೋ ಮೊಬೈಲ್ ಫಿಲ್ಟರಿನಲ್ಲಿ ಫೋಟೋ ತೆಗೆದು ಕಳಿಸಿದಳು. ತೂತು ಇರಲಿ, ಫೋಟೋದಲ್ಲಿ ಮೂಗೇ ಅರ್ಧ ಮಾಯವಾಗಿತ್ತು.

ಹುಡುಗ ಕೆ.ಜಿ.ಎಫ್.ನವನು, ಅವನೂ ಒಂದು ಫೋಟೋ ಕಳಿಸಿದ್ದ. ದೊಡ್ಡವರು ಸೇರೋ ಮುಂಚೆ ಇಬ್ಬರೇ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮಾತಾಡೋದು ಅಂತ ಆಯಿತು. ಹುಡುಗಿಗೆ ಜೀವ ಹಾರಿಹೋಗಿತ್ತು. "ಅಕ್ಕಾ, ಹತ್ರದಿಂದ ನೋಡಿದ್ರೆ ಎಲ್ಲಾ ಕಾಣುತ್ತೆ. ನೀವೂ ಬನ್ನಿ, ಪೌಡರ್ ಇಟ್ಕೊಂಡಿರಿ." ಹೋದೆ.

ಬೆಂಚಿನ ಮೇಲೆ ಕೂತೆವು. ಟ್ರೈನ್ ಬಂತು, ಜನ ಇಳಿದರು, ಹೋದರು. ಫೋಟೋದಲ್ಲಿದ್ದಂಥ ಗುಲಾಬಿ ಕೆನ್ನೆಯ ಹುಡುಗ ಎಲ್ಲೂ ಇಲ್ಲ. ಅದೇ ಬೆಂಚಿನ ಆ ತುದಿಗೆ ಒಬ್ಬ ಬಂದು ಕೂತು, ಕರ್ಚೀಫಿನಲ್ಲಿ ಮೂಗು ಒರೆಸಿಕೊಳ್ಳುತ್ತಾ ಆ ಕಡೆ ಈ ಕಡೆ ನೋಡುತ್ತಿದ್ದ. ಅವನ ಮೂಗೂ ಕಿತ್ತಳೆ ಸಿಪ್ಪೆಯ ಹಾಗೇ ಇತ್ತು ಅನ್ನಿ.

"ಬಂದು, ದೂರದಿಂದ ನನ್ನ ನೋಡಿ ವಾಪಸ್ ಹೋದ ಅಂತ ಕಾಣುತ್ತಕ್ಕಾ" ಅಂತ ಹುಡುಗಿಯ ಕಣ್ಣಲ್ಲಿ ನೀರು.

ಅಷ್ಟರಲ್ಲಿ ಅವನು ಎದ್ದು ಬಂದ. ಫೋನ್ ಮುಂದೆ ಹಿಡಿದು ಹುಡುಗಿಯನ್ನೇ ಕೇಳಿದ: "ಮೇಡಂ, ಈ ಹುಡುಗಿ ಏನಾದ್ರೂ ಇಲ್ಲಿ ಬಂದಿದ್ದನ್ನ ನೋಡಿದ್ರಾ?"

ಇವಳು ಕಣ್ಣೊರೆಸಿಕೊಂಡು ಫೋಟೋ ನೋಡಿದಳು. ಚೆನ್ನಾಗಿ ನೋಡಿದಳು. ಆಮೇಲೆ ಹೇಳಿದಳು: "ಇಲ್ಲಣ್ಣಾ."

ನಾನು ಬಗ್ಗಿ ನೋಡಿದೆ. "ಲೇ, ಅದು ನೀನೇ ಕಣೇ!"

ಸ್ಟೇಷನ್ನಿನ ಅನೌನ್ಸ್‌ಮೆಂಟೂ ಅದೇ ಹೊತ್ತಿಗೆ ನಿಂತುಹೋಯಿತು. ಅವಳು ತನ್ನ ಫೋನ್ ತೆಗೆದು, ಅವನ ಮುಖದ ಪಕ್ಕ ಹಿಡಿದಳು. "ಅಂಗಾದ್ರೆ... ಇದು ನೀವಾ?"

ಅವನು ತನ್ನ ಫೋಟೋವನ್ನು ಸ್ವಲ್ಪ ಹೊತ್ತು ನೋಡಿ, "ಹೌದು... ಶರ್ಟು ನಂದೇ" ಅಂದ.

ಮೊದಲು ಅವನೇ ನಕ್ಕ. ಆಮೇಲೆ ಅವಳು. ಹಾಗೆ ನಕ್ಕಿದ್ದರಲ್ಲೇ ಸಂಬಂಧ ಗಟ್ಟಿಯಾಯಿತು.

ಮದುವೆಯ ದಿನ ಬೆಳಗ್ಗೆ ನಾನೇ ಮೇಕಪ್ಪಿಗೆ ಕೂತೆ. ತೂತು ಕಾಣದ ಹಾಗೆ ಮಾಡೋ ಕ್ರೀಮು ತೆಗೆದು, ಮೂಗಿನ ಮೇಲೆ ಧಾರಾಳವಾಗಿ ಹಚ್ಚೋಕೆ ಹೋದೆ. ಮದುಮಗಳು ಗಾಬರಿಯಾಗಿ ನನ್ನ ಕೈ ಹಿಡಿದಳು.

"ಬೇಡಕ್ಕಾ, ಜಾಸ್ತಿ ಮುಚ್ಚಬೇಡಿ! ಅವರು ಮಂಟಪದಾಗೆ ತಾಳಿ ಹಿಡ್ಕೊಂಡು, 'ಮೇಡಂ, ನಮ್ ಹುಡುಗಿನ ನೋಡಿದ್ರಾ' ಅಂತ ನನ್ನೇ ಕೇಳಿಬಿಟ್ರೆ?"