ಕ್ಯಾರಿಯರ್ ಮೇಷ್ಟ್ರ ಇಂಟರ್‌ವ್ಯೂ

ಸ್ಟಾಫ್ ಮೀಟಿಂಗಿನಲ್ಲಿ ಚಕ್ರಪಾಣಿ ತೂಕಡಿಸಿದ್ದೇ ಎಲ್ಲದಕ್ಕೂ ಮೂಲ.

"ಎಸ್ಸೆಸ್ಸೆಲ್ಸಿ ಮಕ್ಕಳು ಮುಂದೇನು ಓದ್ಬೇಕು, ಯಾವ ಕೆಲಸಕ್ಕೆ ಸೇರ್ಬೇಕು ಅಂತ ದಾರಿ ಹೇಳೋಕೆ ಸ್ಕೂಲಿಗೊಬ್ಬ ಕೆರಿಯರ್ ಮಾಸ್ಟರ್ ಬೇಕಂತೆ. ಯಾರು ಒಪ್ಕೋತೀರಿ?" ಎಂದು ಹೆಡ್‌ಮಾಸ್ಟರ್ ಗಂಗಾಧರಯ್ಯ ಕೇಳಿದ ಗಳಿಗೆಯಲ್ಲೇ ಭೂಗೋಳದ ಮೇಷ್ಟ್ರು ಚಕ್ರಪಾಣಿಯ ತಲೆ ನಿದ್ದೆಯ ಭಾರಕ್ಕೆ ಮುಂದಕ್ಕೆ ವಾಲಿತು. ಎಲ್ಲರೂ ಅದನ್ನು ಒಪ್ಪಿಗೆಯೆಂದು ತಿಳಿದು ಚಪ್ಪಾಳೆ ತಟ್ಟಿದರು. ಸದ್ದಿಗೆ ಎಚ್ಚರವಾಗಿ ಅವನೂ ತಟ್ಟಿದ.

ಅದು ಅರವತ್ತೊಂದನೇ ಇಸವಿ. ಮರುವರ್ಷದ ಹೊತ್ತಿಗೆ ಜಯನಗರದ ಹೊಸ ಬ್ಲಾಕುಗಳಲ್ಲೂ ಸುತ್ತಲ ಹಳ್ಳಿಗಳಲ್ಲೂ 'ಕೆರಿಯರ್' ಜನರ ಬಾಯಲ್ಲಿ ತಿರುಚಿಹೋಗಿ ಅವನು 'ಕ್ಯಾರಿಯರ್ ಮೇಷ್ಟ್ರು' ಎಂದೇ ಹೆಸರಾಗಿಬಿಟ್ಟ. ಅವನು ಮಾಡುತ್ತಿದ್ದುದು ಇಷ್ಟೇ: ಅಪ್ಪ ಅಮ್ಮಂದಿರನ್ನು ಹೊರಗೆ ಕೂರಿಸಿ, ಮಕ್ಕಳನ್ನು "ನಿನಗೇನು ಇಷ್ಟ?" ಎಂದು ಕೇಳುವುದು. ಅವರನ್ನು ಹಾಗೆ ಯಾರೂ ಕೇಳಿರುತ್ತಿರಲಿಲ್ಲ. ಕೆಲವು ಮಕ್ಕಳು ಅತ್ತೇಬಿಡುತ್ತಿದ್ದರು.

ಅವನಿಗೇನು ಇಷ್ಟವೆಂದೂ ಯಾರೂ ಕೇಳಿರಲಿಲ್ಲ. ಚಿಕ್ಕಂದಿನಿಂದ ಅವನ ಪ್ರಾಣವೆಲ್ಲ ನಕ್ಷೆಗಳಲ್ಲೇ. ನದಿಯ ತಿರುವು ಬಿಡಿಸುವಾಗ ಊಟ ಮರೆಯುತ್ತಿದ್ದ. ಈಗ ಪೇಟೆಯ ಕಡೆಯ ಸರ್ಕಾರಿ ಕಚೇರಿಯೊಂದಕ್ಕೆ ನಕ್ಷೆ ಬಿಡಿಸುವವರು ಬೇಕಾಗಿದ್ದರು. ಮುಂದಿನ ವರ್ಷಕ್ಕೆ ಅವನ ವಯಸ್ಸು ಮೀರುತ್ತಿತ್ತು. ಇಂದು ಮಧ್ಯಾಹ್ನವೇ ಇಂಟರ್‌ವ್ಯೂ. ಹೆಂಡತಿ ಸತ್ಯಭಾಮೆಯ ಹೊರತು ಯಾರಿಗೂ ಹೇಳದೆ, ತಮ್ಮನ ಕೋಟು ತೊಟ್ಟು ಹೊರಟ.

ಗೇಟಿನಲ್ಲೇ ಒಬ್ಬ ಹೆಂಗಸು ಸೈಕಲ್ ಹಿಡಿದು ನಿಂತಿದ್ದಳು. ಪುಟ್ಟೇನಹಳ್ಳಿಯ ಮುನಿವೆಂಕಟಮ್ಮ. ಹ್ಯಾಂಡಲ್ಲಿಗೆ ತೂಗುಹಾಕಿದ ಚೀಲದಲ್ಲಿ ಒಂದು ಕುಂಬಳಕಾಯಿ.

"ಕ್ಯಾರಿಯರ್ ಮೇಷ್ಟ್ರು ನೀವೇ ಅಲ್ವಾ ಸಾಮಿ? ನಮ್ಮನೆಯವ್ರ ಸೈಕಲ್ ಕ್ಯಾರಿಯರ್ ಮುರ್ದೋಗದೆ. ಸೊಪ್ಪು ಮಾರ್ಕೆಟ್ಟಿಗೆ ಹೋಗಂಗಿಲ್ಲ."

"ಅಮ್ಮಾ, ನಾನು ಆ ಕ್ಯಾರಿಯರ್ ಅಲ್ಲ. ಮಕ್ಕಳ ಭವಿಷ್ಯ ನೋಡೋನು."

"ಭವಿಸ್ಯಾನೇ ರಿಪೇರಿ ಮಾಡೋರಿಗೆ ಇದೇನ್ ದೊಡ್ಡದು ಸಾಮಿ!"

ವಿವರಿಸುವುದಕ್ಕಿಂತ ರಿಪೇರಿಯೇ ಬೇಗ ಮುಗಿದೀತೆಂದು ಚಕ್ರಪಾಣಿ ಬಟ್ಟೆ ಒಣಹಾಕುವ ತಂತಿ ಬಿಚ್ಚಿ ಕ್ಯಾರಿಯರನ್ನು ಬಿಗಿದು ಕಟ್ಟಿದ. ಕೋಟಿನ ತೋಳಿಗೆ ಎಮ್ಮೆಯ ಬಾಲದಷ್ಟು ಉದ್ದದ ಕರಿ ಮೆತ್ತಿತು.

ತಪ್ಪಿಸಿಕೊಂಡು ಎರಡು ಹೆಜ್ಜೆ ಇಟ್ಟಿರಲಿಲ್ಲ, ಪಕ್ಕದ ಮನೆಯ ಕಮಲಾದೇವಿ ಲೋಟ ಹಿಡಿದು ಓಡಿಬಂದರು. "ಮೇಷ್ಟ್ರೇ, ನಿಮ್ಮಿಂದ ನಮ್ಮ ಹುಡುಗ ಪಾಲಿಟೆಕ್ನಿಕ್ ಸೇರ್ದ. ಪಾಯಸ ಕುಡೀದೆ ಹೋಗೋ ಹಾಗೇ ಇಲ್ಲ!"

"ಅರ್ಜೆಂಟಿದೆ ಅಮ್ಮಾ..."

"ಹಾಗಾದ್ರೆ ಒಂದೇ ಗುಟುಕಿಗೆ ಕುಡೀರಿ."

ಕುಡಿದ. ಪಾಯಸ ಒಲೆಯಿಂದ ಆಗಷ್ಟೇ ಇಳಿದಿತ್ತು. ನಾಲಿಗೆ ಹಪ್ಪಳದಂತೆ ಉಬ್ಬಿತು. ಕಣ್ಣಲ್ಲಿ ನೀರು ಬಂದದ್ದನ್ನು ಕಂಡು ಕಮಲಾದೇವಿ, "ಎಂಥ ಅಂತಃಕರಣ!" ಎಂದು ತಾವೂ ಕಣ್ಣೊರೆಸಿಕೊಂಡರು.

ಓಡಿ ಬಸ್ಸು ಹತ್ತಿ ಕೂತದ್ದೇ ತಡ, ಕಿಟಕಿಯಿಂದ ಮಡಿಲಿಗೆ ದೊಪ್ಪನೆ ಏನೋ ಬಿತ್ತು. ಕುಂಬಳಕಾಯಿ. ಹೊರಗೆ ಸೈಕಲ್ ತಳ್ಳಿಕೊಂಡು ಏದುಸಿರು ಬಿಡುತ್ತಿದ್ದ ಮುನಿವೆಂಕಟಮ್ಮ, "ನೀವ್ ಬ್ಯಾಡ ಅಂತೀರಾ ಅಂತ ಗೊತ್ತಿತ್ತು, ಅದಕ್ಕೇ ಹಿಂದೇನೇ ಬಂದೆ!" ಎಂದು ಕೈಮುಗಿದಳು.

ಕಂಡಕ್ಟರ್ ಕರಿಬಸವಯ್ಯ ಚಿಲ್ಲರೆ ಮುಟ್ಟಲೇ ಇಲ್ಲ, ತನ್ನ ಜೇಬಿನ ಕಾಸಿನಲ್ಲೇ ಟಿಕೆಟ್ ಹರಿದು ಕೊಟ್ಟ. "ನನ್ ಮಗಳಿಗೆ ನರ್ಸ್ ಟ್ರೈನಿಂಗಿಗೆ ದಾರಿ ತೋರ್ಸಿದ ದೇವರು ನೀವು." ಆಮೇಲೆ ಇಡೀ ಬಸ್ಸಿಗೆ ಕೇಳುವಂತೆ ಅವನ ಗುಣಗಾನ ಮಾಡಿದ. ಮುಂದಿನ ಸೀಟುಗಳೆಲ್ಲ ಹಿಂದಕ್ಕೆ ತಿರುಗಿದವು. ಒಬ್ಬರು ಮಗನ ಲೆಕ್ಕದ ಮಾರ್ಕು ಹೇಳಿದರೆ, ಇನ್ನೊಬ್ಬರು ರಿಟೈರಾದ ಮೇಲೆ ತಾವೇನು ಮಾಡಬೇಕೆಂದು ಕೇಳಿದರು. ಸುಟ್ಟ ನಾಲಿಗೆಯಲ್ಲಿ ಅವನು ಎಲ್ಲರಿಗೂ ತೊದಲುತ್ತ ಉತ್ತರಿಸಿ ಮುಗಿಸುವಷ್ಟರಲ್ಲಿ ಇಳಿಯಬೇಕಾದ ಸ್ಟಾಪು ಯಾವಾಗಲೋ ಹಿಂದೆ ಸರಿದಿತ್ತು.

ಕುಂಬಳಕಾಯಿಯನ್ನು ಕೂಸಿನಂತೆ ಅವಚಿಕೊಂಡು ಓಡಿ ಕಚೇರಿ ತಲುಪಿದಾಗ ಕೊನೆಯ ಅಭ್ಯರ್ಥಿ ಹೊರಬರುತ್ತಿದ್ದ. ಒಳಗೆ ದೊಡ್ಡ ಅಧಿಕಾರಿ ತಿರುಮಲೇಶ ಕೂತಿದ್ದರು.

"ಇದೇನ್ರೀ?"

"ಕುಂಬಳಕಾಯಿ ಸಾರ್."

ಅವರು ನಗಲಿಲ್ಲ. ಅರ್ಜಿಯನ್ನು ಪಕ್ಕಕ್ಕಿಟ್ಟು, ಅದರ ಜೊತೆ ಅವನು ಬರೆದು ಕಳಿಸಿದ್ದ ನಕ್ಷೆಯನ್ನಷ್ಟೇ ಬಿಡಿಸಿ ಬಹಳ ಹೊತ್ತು ನೋಡಿದರು. "ಇಂಥ ಕೈ ನನ್ನ ಸರ್ವೀಸಲ್ಲೇ ನೋಡಿಲ್ಲ. ಈಗ ಏನ್ ಮಾಡ್ಕೊಂಡಿದೀರಿ?"

"ಜಯನಗರದಲ್ಲಿ ಭೂಗೋಳದ ಮೇಷ್ಟ್ರು ಸಾರ್. ಹೆಸರು ಚಕ್ರಪಾಣಿ."

ತಿರುಮಲೇಶ ದಡಕ್ಕನೆ ಎದ್ದರು. "ಕ್ಯಾರಿಯರ್ ಮೇಷ್ಟ್ರಾ?" ಮೇಜು ಸುತ್ತಿ ಬಂದು ಅವನ ಎರಡೂ ಕೈ ಹಿಡಿದುಕೊಂಡರು. ಕುಂಬಳಕಾಯಿ ಉರುಳಿಹೋಯಿತು. "ನಾನು ಚೂಡಾಮಣಿಯ ತಂದೆ! ಡಾಕ್ಟರೇ ಆಗು ಅಂತ ಹಟ ಹಿಡಿದಿದ್ದೆ. ಮಗು ಊಟ ಬಿಡ್ತು, ಮಾತು ಬಿಡ್ತು. ಅವಳಮ್ಮ ನಿಮ್ಮ ಹತ್ರ ಕರ್ಕೊಂಡು ಬಂದ್ಲು. ಗಿಡ ಮರ ಇಷ್ಟ ಅಂದ್ಲಂತೆ, ಸಸ್ಯಶಾಸ್ತ್ರ ಓದು ಅಂದ್ರಂತೆ ನೀವು. ನಿನ್ನೆ ಊಟಕ್ಕೆ ಕೂತಾಗ ನಕ್ಕಳು ಮೇಷ್ಟ್ರೇ. ಆ ನಗು ನಾನು ಮರ್ತೇಬಿಟ್ಟಿದ್ದೆ."

ಚಕ್ರಪಾಣಿಯ ಎದೆ ತುಂಬಿತು. ಆ ಹುಡುಗಿಯ ಬಾಡಿದ ಮುಖ ಅವನಿಗೆ ನೆನಪಿತ್ತು. ನಕ್ಕಳಲ್ಲ ಎಂದು ಹಾಯೆನಿಸಿತು. ಜೊತೆಗೆ, ಕೆಲಸ ಕೈಗೆ ಬಂದಂತೆಯೇ ಎಂದೂ ಅನ್ನಿಸಿತು.

"ಅದಕ್ಕೇ," ಎಂದರು ತಿರುಮಲೇಶ, "ನಿಮಗೆ ಈ ಕೆಲಸ ಕೊಡಲ್ಲ."

"ಸಾರ್?"

"ನಕ್ಷೆ ಬರೆಯೋಕೆ ಬೇಕಾದಷ್ಟು ಜನ ಸಿಕ್ತಾರೆ. ನಿಮ್ಮಂಥೋರನ್ನ ತಂದು ಇಲ್ಲಿ ಮೂಲೇಲಿ ಕೂರಿಸಿದ್ರೆ ಆ ಮಕ್ಕಳ ಶಾಪ ತಟ್ಟುತ್ತೆ ನನಗೆ."

"ಆದ್ರೆ ಸಾರ್, ನನಗೆ ನಕ್ಷೆ ಅಂದ್ರೇನೇ ಇಷ್ಟ."

"ಅಷ್ಟು ಇಷ್ಟ ಇಟ್ಕೊಂಡೂ ಮಕ್ಕಳಿಗೋಸ್ಕರ ಅಲ್ಲೇ ಇದೀರಲ್ಲ! ದೊಡ್ಡ ಮನಸ್ಸು ನಿಮ್ದು." ಎನ್ನುತ್ತ ಅವರು ಜೀಪು ತರಿಸಿ, ತಾವೇ ಪಕ್ಕದಲ್ಲಿ ಕೂತು ಮನೆಗೆ ಕರೆತಂದರು.

ಮನೆ ಮುಂದೆ ಆಗಲೇ ಸಾಲು. ತಾಯಂದಿರು, ತಂದೆಯಂದಿರು, ಹೆದರಿದ ಕಣ್ಣಿನ ಮಕ್ಕಳು. ಜೀಪು ಕಂಡು ಎಲ್ಲರ ಮುಖ ಅರಳಿತು. "ಬಂದ್ರು, ಬಂದ್ರು!" ಆ ಮುಖಗಳನ್ನು ನೋಡಿ ಚಕ್ರಪಾಣಿಗೆ ಸಿಟ್ಟು ಮಾಡಬೇಕೆಂದರೂ ಬರಲಿಲ್ಲ. ಕೋಟು ಬಿಚ್ಚಿ ಸತ್ಯಭಾಮೆಯ ಕೈಗಿತ್ತು ಜಗಲಿಯ ಮೇಲೆ ಕೂತ.

"ಬಹಳ ಉಪಕಾರವಾಯ್ತು ಸಾರ್, ನೀವು ಹೊರಡಿ," ಎಂದ.

ತಿರುಮಲೇಶ ಹೊರಡಲಿಲ್ಲ. ಜೀಪನ್ನು ವಾಪಸು ಕಳಿಸಿ, ಸಾಲಿನ ಕೊನೆಗೆ ಹೋಗಿ ನಿಂತರು.

"ನನ್ನದೂ ಒಂದು ಸಣ್ಣ ವಿಷಯ ಇತ್ತು ಮೇಷ್ಟ್ರೇ. ಈ ನಕ್ಷೆ ಕೆಲಸ ನನಗೆ ಯಾವತ್ತೂ ಹಿಡಿಸಲೇ ಇಲ್ಲ. ಸರದಿ ಬರ್ಲಿ, ಕಾಯ್ತೀನಿ."