ವಾಚು ಕೈಗೆ ಬರಲಿ

ತುಮಕೂರಿನ ಶಿರಾ ಗೇಟಿನಲ್ಲಿ ವಾಚ್ ರಿಪೇರಿ ಅಂಗಡಿ ಇಟ್ಟುಕೊಂಡವನಿಗೆ ನಗು ಹುಡುಕಿಕೊಂಡು ಹೋಗುವ ಕೆಲಸವಿಲ್ಲ, ಅದೇ ಮೆಟ್ಟಿಲು ಹತ್ತಿ ಬರುತ್ತೆ. ಎಪ್ಪತ್ತರ ದಶಕದಲ್ಲಿ ಫಾರಿನ್ ವಾಚಿನ ಹುಚ್ಚು ಎಲ್ಲರಿಗೂ ಹಿಡಿದಿತ್ತು. ನನ್ನದು ಒಂದೇ ಹಟ: ಫೋಟೋ ನೋಡಿ ಮಾತಾಡಲ್ಲ, ವಾಚು ನನ್ನ ಕೈಗೆ ಬರಬೇಕು.

ಗುಬ್ಬಿಯವರು

ಗುಬ್ಬಿಯವರೊಬ್ಬರು ಫೋಟೋ ಮುಂದಿಟ್ಟರು. "ಬಾಮೈದ ದುಬೈಯಿಂದ ಕಳ್ಸವ್ನೆ. ಅಲ್ಲಿ ಈ ವಾಚು ನಿಂತೋಗೈತಂತೆ. ಏನಾಗೈತೆ ನೋಡಿ ಹೇಳಿ."

ನನಗೆ ರೇಗಿತು. "ಅಲ್ರೀ, ಕಾಯಿಲೆ ಬಂದ್ರೆ ಡಾಕ್ಟ್ರ ಹತ್ರ ಫೋಟೋ ತಗೊಂಡ್ ಹೋಗ್ತೀರಾ?"

ಆತ ಚೀಲದಿಂದ ದೊಡ್ಡ ಕವರು ತೆಗೆದರು. "ಈಗ ಅಲ್ಲಿಂದ್ಲೇ ಬಂದೆ ಸ್ವಾಮಿ. ಎಕ್ಸ್‌ರೇ!"

ಹುತ್ರಿದುರ್ಗದವರು

ಹುತ್ರಿದುರ್ಗದ ಯಜಮಾನರು ಮಾತ್ರ ವಾಚನ್ನೇ ತಂದಿದ್ದರು. "ಸ್ವಿಸ್ಸು. ತೂಕ ನೋಡಿ!" ತೂಕವೇನೋ ಇತ್ತು. ಅನುಮಾನ ಬಂದು ಹಿಂದಿನ ಮುಚ್ಚಳ ಬಿಚ್ಚಿದರೆ, ಮೇಣ ಹಾಕಿ ಅಂಟಿಸಿದ ಸೀಸದ ತುಂಡು.

"ಮೋಸ ಹೋದ್ರಲ್ಲ ಯಜಮಾನ್ರೇ!"

"ಸಂತೇಲಿ ಎಲ್ರೂ ತೂಕದಲ್ಲಿ ಕಮ್ಮಿ ಕೊಡ್ತಾರೆ. ಈ ವಾಚಿನೋನು ಜಾಸ್ತಿ ಕೊಟ್ಟವ್ನೆ, ಬುಡಿ!"

ಕುಣಿಗಲ್ ಗಂಡು

ತಂಗಿಗೆ ಕುಣಿಗಲ್ಲಿನ ಗುಮಾಸ್ತನ ಸಂಬಂಧ ಬಂತು. ಫೋಟೋದಲ್ಲಿ ಗಂಡಿನ ಮೈಮೇಲೆ ಕೋಟು, ಕೈಯಲ್ಲಿ ಚಿನ್ನದ ಬಣ್ಣದ ವಾಚು. ಅಮ್ಮ ಕರಗಿಹೋದಳು. ನಾನು ಭೂತಗನ್ನಡಿ ಹಾಕಿ ನೋಡಿದೆ. ಸ್ವಿಸ್ಸಿನ ಹಾಗೇ ಇತ್ತು, ಗಂಟೆ ಹತ್ತೂ ಹತ್ತು.

"ವಾಚು ಕೈಗೆ ಬರ್ಲಿ, ಆಮೇಲೆ ಮಾತು" ಅಂದೆ.

"ನಿನ್ನ ಹುಚ್ಚಿಗೆ ಒಳ್ಳೆ ಸಂಬಂಧ ಕೆಡಿಸ್ಬೇಡ ಕಣೋ" ಅಂತ ಅಮ್ಮ ಕಣ್ಣೀರು ಹಾಕಿದಳು. ತಂಗಿಗೂ ಹುಡುಗ ಹಿಡಿಸಿದ್ದ. ಆದರೂ ನಾನು ಜಗ್ಗಲಿಲ್ಲ.

ಮರಳೂರಿನ ನಮ್ಮ ಮನೆಗೆ ಹೆಣ್ಣು ನೋಡಲು ಬಂದವರು ಕೂತಿದ್ದೇ ತಡ, ಕೈ ಚಾಚಿದೆ. "ಸ್ವಲ್ಪ ವಾಚ್ ಕೊಡಿ."

ಹುಡುಗ ಅಂಗಿಯ ತೋಳು ಮಡಿಸಿದ. ಕೈ ಬೋಳು. "ಅದು ತುಮಕೂರಿನ ಸ್ಟುಡಿಯೋದವ್ರದು ಸಾರ್. ಕೋಟೂ ಅವ್ರದೇ. ಫೋಟೋ ಹೊಡೆದಿದ್ದೇ ಬಿಚ್ಚಿಸ್ಕೊಂಡ್ರು."

"ಅಂದ್ರೆ ಫೋಟೋ ತೋರಿಸಿ ಮೋಸ ಮಾಡ್ತೀರಾ?" ಅಂತ ಎದ್ದು ನಿಂತೆ. ಅಮ್ಮನ ಮುಖ ಸುಣ್ಣವಾಯಿತು.

ಕಾಫಿ ತಂದ ತಂಗಿ ತಟ್ಟೆ ಇಟ್ಟು, ಗಂಡಿನ ಕಡೆಗೆ ಕೊಟ್ಟಿದ್ದ ತನ್ನ ಫೋಟೋ ಅವರಿಂದ ಇಸಿದುಕೊಂಡು ನನ್ನ ಮುಂದೆ ಹಿಡಿದಳು. "ಅಣ್ಣಾ, ಇದನ್ನೂ ಭೂತಗನ್ನಡೀಲಿ ನೋಡು."

ಮನೆ ಹುಡುಗಿಯ ಫೋಟೋ ಯಾರು ಹಾಗೆ ನೋಡ್ತಾರೆ? ನೋಡಿದೆ. ಅವಳ ಕೈಯಲ್ಲೂ ಅದೇ ವಾಚು, ಅದೇ ಹತ್ತೂ ಹತ್ತು!

"ನನ್ ಹತ್ರಾನೂ ಬಿಚ್ಚಿಸ್ಕೊಂಡ್ರು" ಅಂದಳು ಹುಡುಗನ ಕಡೆ ನೋಡಿ. ಇಬ್ಬರೂ ನಕ್ಕರು. ಅಲ್ಲಿಗೆ ಸಂಬಂಧ ಕುದುರಿತು. ನಾನು ತೆಪ್ಪಗೆ ಕಾಫಿ ಕುಡಿದೆ.

ಆದರೆ ಹಟ ಬಿಟ್ಟಿರಲಿಲ್ಲ. ಮದುವೆಗೆ ಅದೇ ಸ್ಟುಡಿಯೋದವನನ್ನೇ ಕರೆಸಿದೆ. ಗಂಡು ಹೆಣ್ಣನ್ನು ಕೂರಿಸಿ, ಆತ ಚೀಲಕ್ಕೆ ಕೈ ಹಾಕಿ ಅದೇ ವಾಚು ತೆಗೆದ. "ಕೊಡಯ್ಯ ಇಲ್ಲಿ!" ಅಂತ ಕಿತ್ತುಕೊಂಡೆ. ಕಿವಿಗಿಟ್ಟೆ, ಸದ್ದಿಲ್ಲ. ಅಲ್ಲೇ ಮುಚ್ಚಳ ಬಿಚ್ಚಿದೆ. ಒಳಗೆ ಮಿಷಿನ್ನೇ ಇಲ್ಲ, ಬರೀ ಹತ್ತಿ!

"ಏನಯ್ಯಾ ಇದು?" ಅಂದೆ.

ಆತ ವಾಚು ಇಸಿದುಕೊಂಡು ಗಂಡಿನ ಕೈಗೆ ಕಟ್ಟುತ್ತಾ ಅಂದ: "ಫೋಟೋದಲ್ಲಿ ಟಿಕ್ ಟಿಕ್ ಕೇಳ್ಸುತ್ತಾ ಸಾರ್? ಸ್ವಲ್ಪ ಪಕ್ಕಕ್ಕೆ ಬನ್ನಿ, ಬೆಳಕಿಗೆ ಅಡ್ಡ ಆಗ್ತಿದ್ದೀರ."