ಹಲಸಿನ ಬುಡದ ತರಗೆಲೆ

ಹಲಸಿನ ಮರದ ಬುಡದಲ್ಲಿ ಹುಲ್ಲು ಕೂಡ ಹುಟ್ಟುತ್ತಿರಲಿಲ್ಲ. ನೆರಳೋ ನೆರಳು, ಮಣ್ಣು ಮಾತ್ರ ನಶ್ಯದ ಪುಡಿಯಂತೆ ಒಣಗಿತ್ತು. ಬೆಳ್ತಂಗಡಿಯ ತಾಲೂಕು ಕಚೇರಿಯ ಗುಮಾಸ್ತ ಲೋಕನಾಥ ಅಲ್ಲೇ ಅರಿಶಿನ ಬೆಳೆಯುತ್ತೇನೆಂದು ಹಟ ಹಿಡಿದದ್ದಕ್ಕೆ ಕಾರಣ, ಹೆಂಡತಿ ಕುಸುಮಳ ಸೋದರಮಾವ, ವೇಣೂರಿನ ಧರ್ಣಪ್ಪ. ಬಿತ್ತನೆಯ ಕೊಂಬು ಕೊಡುವಾಗ ಆತ, "ಬೆಳೆ ಬೇಡ, ಬೀಜ ತಿರುಗಿ ಕೊಟ್ಟರೆ ಸಾಕು. ಕುರ್ಚಿಯಲ್ಲಿ ಕೂತವರ ಮಾತು ಮಣ್ಣು ಕೇಳುವುದಿಲ್ಲ" ಎಂದು ನಕ್ಕಿದ್ದ. ಆ ನಗು ಲೋಕನಾಥನ ಕಿವಿಯಲ್ಲಿ ಸೊಳ್ಳೆಯಂತೆ ಇನ್ನೂ ಹಾಡುತ್ತಿತ್ತು.

ತರಗೆಲೆ ದಪ್ಪಕ್ಕೆ ಹೊದಿಸಿದರೆ ತೇವ ಆರುವುದಿಲ್ಲವೆಂದು ಗ್ರಾಮಸೇವಕ ಹೇಳಿದ್ದ. ಭಾನುವಾರ ಬೆಳಿಗ್ಗೆ ಲೋಕನಾಥ ಕೊಂಬು ನೆಟ್ಟು, ಕೊಡಗಟ್ಟಲೆ ನೀರು ಹೊಯ್ದು, ಗುಡ್ಡದಿಂದ ಹೊತ್ತು ತಂದ ತರಗೆಲೆ ಮುಚ್ಚಿದ. ಗಾಳಿ ಅದರಲ್ಲಿ ಅರ್ಧವನ್ನು ಅಂಗಳಕ್ಕೆ ಹರಡಿತು.

ಕುಸುಮ ಜಗಲಿಯಿಂದ ಕೂಗಿದಳು: "ಊರವರೆಲ್ಲ ಎಲೆ ಗುಡಿಸಿ ಒಲೆಗೆ ಹಾಕ್ತಾರೆ, ನೀವು ಹೊರಗಿನದ್ದು ತಂದು ಅಂಗಳಕ್ಕೆ ಹಾಕ್ತೀರಿ! ಆ ಕಸ ಇರುವ ತನಕ ನಾನು ಹೊರಗೆ ಮುಖ ತೋರಿಸುವುದಿಲ್ಲ."

"ತೋರಿಸಬೇಡ!"

ಬಾಗಿಲು ಧಡಾರೆಂದಿತು.

ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಸುಂದರಿಯ ತಲೆ ಗೋಡೆಯ ಮೇಲೆ ಮೂಡಿತು. "ಎಂತ ಲೋಕನಾಥಣ್ಣ, ಇಷ್ಟು ಹೊತ್ತಾದರೂ ಅಂಗಳ ಗುಡಿಸಲಿಲ್ಲ? ಕುಸುಮ ತವರಿಗೆ ಹೋದಳಾ?"

"ಒಳಗೆ ಇದ್ದಾಳೆ ಅಕ್ಕ."

"ಹೌದಾ? ಕುಸುಮಾ!"

ಮನೆ ಉಸಿರೆತ್ತಲಿಲ್ಲ. ಕುಸುಮ ಹೇಳಿದ ಮಾತಿಗೆ ತಪ್ಪುವವಳಲ್ಲ.

ಸುಂದರಿ ದನಿ ತಗ್ಗಿಸಿದಳು. "ಜೋರು ಜಗಳವಾ?"

"ಜಗಳ ಅಲ್ಲ ಅಕ್ಕ! ಇದು ವ್ಯವಸಾಯ!"

"ಆಯ್ತು, ಆಯ್ತು. ಗಂಡಸರ ದುಃಖ ಹೀಗೆಯೇ, ಸಿಟ್ಟಾಗಿ ಬರುವುದು."

ಮಧ್ಯಾಹ್ನ ಗೋಡೆಯ ಮೇಲಿಂದ ಗಂಜಿಯೂ ಉಪ್ಪಿನಕಾಯಿಯೂ ಬಂದವು. ಹಿಂದೆಯೇ ವೇಣೂರು ಬಸ್ಸು ಮನೆಯೆದುರು ನಿಂತಿತು. ಕಂಡಕ್ಟರ್ ಇದಿನಬ್ಬ ಫುಟ್‌ಬೋರ್ಡಿನಿಂದ ಅಂಗಳ ನೋಡಿ ಲೊಚಗುಟ್ಟಿದ. "ಸುಂದರಿಯಕ್ಕ ಹೇಳಿದ್ದು ಸತ್ಯವೇ. ನೀವು ಹೆದರಬೇಡಿ, ಧರ್ಣಪ್ಪಣ್ಣನ ಕಿವಿಗೆ ನಾನು ಹಾಕ್ತೇನೆ."

"ಹಾಕಬೇಡ ಮಾರಾಯ! ಅವಳು ಒಳಗೆ..."

ಉಳಿದ ಮಾತನ್ನು ಬಸ್ಸಿನ ಧೂಳು ನುಂಗಿತು. ಪ್ರಯಾಣಿಕರು ಕಿಟಕಿಗಳಿಂದ ಅವನನ್ನು ಕನಿಕರದಿಂದ ನೋಡುತ್ತಾ ಹೋದರು. ತನ್ನ ಹೆಂಡತಿ ತನ್ನ ಮನೆಯಲ್ಲಿದ್ದಾಳೆಂದು ನಂಬಿಸಲಾಗದ ಗಂಡಸು ಜಗತ್ತಿನಲ್ಲಿ ಇನ್ನೊಬ್ಬನಿರಲಾರ ಎಂದು ಅವನಿಗೆ ಮೈಯುರಿಯಿತು.

ಸಂಜೆ ಅದೇ ಬಸ್ಸಿನಿಂದ ಧರ್ಣಪ್ಪ ಇಳಿದ. ಸೋದರಮಾವನ ದನಿ ಕೇಳಿದ್ದೇ ಕುಸುಮ ಬಾಗಿಲು ತೆರೆದಳು.

"ಓಹೋ, ಮನೆಯಲ್ಲೇ ಇದ್ದೀಯಾ!" ಧರ್ಣಪ್ಪನ ನೆಮ್ಮದಿ ಗಳಿಗೆಯಲ್ಲಿ ಕೋಪವಾಯಿತು. "ಇದ್ದೂ ಅಂಗಳ ಹೀಗಾ? ನಮ್ಮ ಮನೆಯ ಹೆಣ್ಣಿಗೆ ಹಿಡಿಸೂಡಿ ಹಿಡಿದು ಗುಡಿಸಲು ಬರುವುದಿಲ್ಲ ಅಂತ ನಾಳೆ ಬಸ್ಸಿಡೀ ಮಾತಾಗ್ತದೆ!"

"ಗುಡಿಸಲಿಕ್ಕೆ ಇವರು ಬಿಡಬೇಕಲ್ಲ ಮಾವ!"

"ಲೋಕನಾಥರೇ, ಈ ಎಲೆ ತೆಗೀರಿ. ಇಲ್ಲವಾದರೆ ಇವಳು ನನ್ನೊಟ್ಟಿಗೆ ಬರ್ತಾಳೆ."

ಲೋಕನಾಥ ಹಲಸಿನ ಬುಡಕ್ಕೆ ಬೆನ್ನು ಕೊಟ್ಟು ನಿಂತ. "ಒಂದು ಎಲೆಯನ್ನೂ ತೆಗೆಯುವುದಿಲ್ಲ!"

ಕುಸುಮ ಒಳಗೆ ಹೋಗಿ ಚೀಲ ತಂದಳು.

ವೇಣೂರಿನ ಕೊನೆಯ ಬಸ್ಸು ಹೊರಡುವ ಬಸ್‌ಸ್ಟ್ಯಾಂಡಿನವರೆಗೆ ಅವರನ್ನು ಬಿಟ್ಟು ಮರಳುವಾಗ ಅವನಿಗೆ ಒಂದೇ ಸಮಾಧಾನ: ತೇವ ಉಳಿದಿದೆ, ಅರಿಶಿನ ಬಂದೇ ಬರುತ್ತದೆ.

ಅಂಗಳ ಕನ್ನಡಿಯಂತೆ ಹೊಳೆಯುತ್ತಿತ್ತು. ಹಲಸಿನ ಬುಡ ಬೋಳಾಗಿತ್ತು. ಸುಂದರಿಯ ಕೋಳಿಗಳು ಅರಿಶಿನದ ಕೊಂಬುಗಳನ್ನು ಒಂದೊಂದಾಗಿ ಕೆದಕಿ ಹೊರಹಾಕುತ್ತಿದ್ದವು. ಹಿಡಿಸೂಡಿ ಹಿಡಿದು ನಿಂತ ಸುಂದರಿ ಸೆರಗಿನಿಂದ ಬೆವರೊರೆಸಿದಳು.

"ಬೆಳಿಗ್ಗೆ ನೀವು ಹೇಳಿದ್ದನ್ನು ನಂಬಲಿಲ್ಲ, ತಪ್ಪಾಯ್ತು. ಈಗ ಹೋದದ್ದನ್ನು ಕಣ್ಣಾರೆ ಕಂಡೆ. ಹೆಂಗಸಿಲ್ಲದ ಮನೆಯಲ್ಲಿ ಗುಡಿಸುವವರು ಯಾರು ಅಂತ ನಾನೇ ಗುಡಿಸಿದೆ. ಎಲೆಯೆಲ್ಲ ನಿಮ್ಮ ಬಚ್ಚಲಿನ ಒಲೆಗೇ ಹಾಕಿದ್ದೇನೆ. ನೀರು ಕಾದುಂಟು, ಹೋಗಿ ಮೀಯಿರಿ."

ಲೋಕನಾಥ ಬಚ್ಚಲಿಗೆ ಹೋಗಿ ಒಂದು ಚೊಂಬು ಹೊಯ್ದುಕೊಂಡ.

ನೀರು ಹದವಾಗಿಯೇ ಇತ್ತು. ಅವನಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಅದಕ್ಕೆ.